ಒಪ್ಪತ್ತಿನ ದಿನದ ಮಾತ್ರೆ

ಗಂಡಸರು ಬಂದವರೇ ಮೊದಲು ಶೀತದ ಮಾತ್ರೆ ಕೇಳುತ್ತಾರೆ. ಕೊಟ್ಟರೂ ಹೋಗುವುದಿಲ್ಲ. ರಸ್ತೆಯ ಕಡೆ ತಿರುಗಿ, ಮಾನಂದವಾಡಿ ಬಸ್ಸಿಗೆ ಕಾಯುವವರ ಹಾಗೆ ನಿಂತುಕೊಳ್ಳುತ್ತಾರೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದರೆ ಬೇಡದಿದ್ದರೂ ಒಂದು ಟೂತ್‌ಪೇಸ್ಟ್ ತೆಗೆದುಕೊಳ್ಳುತ್ತಾರೆ. ಆತ ಹೋಗಿ ಅಂಗಡಿ ಖಾಲಿಯಾದ ಮೇಲೆ ನನ್ನ ಹಿಂದಿನ ಗೋಡೆಯ ಕಡೆ ಗದ್ದ ಎತ್ತಿ, “ಅದೊಂದು ಕೊಡಿ” ಎನ್ನುತ್ತಾರೆ. ಗೋಡೆಯ ತುಂಬ ಅದೂ ಇದೆ, ಇದೂ ಇದೆ, ಮತ್ತೊಂದೂ ಇದೆ. ಆದರೂ ನನಗೆ ಅರ್ಥವಾಗುತ್ತದೆ. ಕಾಂಡೋಮ್ ಪ್ಯಾಕೆಟ್ಟನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಡುತ್ತೇನೆ. ಅದನ್ನು ಲುಂಗಿಯ ಮಡಿಕೆಯಲ್ಲಿ ಮುಚ್ಚಿಕೊಂಡು ಅವರು ಹೋಗುವ ಚಂದ ನೋಡಬೇಕು! ಪ್ಯಾಡಿಗೂ ಇದಕ್ಕೂ ಬಿಟ್ಟರೆ ಕಪ್ಪು ಕವರನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ ಅಂತ ನಮ್ಮ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿಗೆಲ್ಲ ಗೊತ್ತು.

ಹೆಂಗಸರ ದಾರಿ ಬೇರೆ. “ಅಕ್ಕಾ, ಒಂದ್ ಮಾತು” ಅಂತ ಕೌಂಟರಿನ ಮೇಲೆ ಬಗ್ಗುತ್ತಾರೆ. ಬಗ್ಗಿದ ಮೇಲೆ ಮಾತೇ ಹೊರಡುವುದಿಲ್ಲ. ಅದಕ್ಕೇ ಟಾನಿಕ್ ಬಾಟಲಿಗಳ ರ‍್ಯಾಕಿನ ಪಕ್ಕ ಒಂದು ಬೆಂಚು ಹಾಕಿಸಿ, ಅಡ್ಡಲಾಗಿ ಹಳೇ ಸೀರೆಯ ಪರದೆ ಕಟ್ಟಿದ್ದೇನೆ. ಪರದೆಯ ಆಚೆ ಬಂದರೆ ಅವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ನಿಲ್ಲಿಸುವುದೇ ಕಷ್ಟ.

ನಾನು ಹುಟ್ಟಿದ್ದು ಕೆ.ಆರ್. ನಗರದ ಭೇರ್ಯದ ಕಡೆ. ಫಾರ್ಮಸಿ ಓದಿದ್ದು ಮೈಸೂರಿನಲ್ಲಿ. ಹುಣಸೂರಿನಲ್ಲೂ ಪಿರಿಯಾಪಟ್ಟಣದಲ್ಲೂ ಬೇರೆಯವರ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡಿ, ಮದುವೆಯಾಗಿ ಎಚ್.ಡಿ. ಕೋಟೆಗೆ ಬಂದು, ಹ್ಯಾಂಡ್‌ಪೋಸ್ಟಿನ ಸರ್ಕಲ್ಲಿನಲ್ಲಿ ಸ್ವಂತ ಅಂಗಡಿ ಇಟ್ಟವಳು. ಹಾಗಾಗಿ ನಾಲ್ಕೂ ತಾಲ್ಲೂಕಿನ ನಾಚಿಕೆಯನ್ನು ಕಂಡಿದ್ದೇನೆ. ನಮ್ಮೂರ ಕಡೆಯವರು ತಾವು ಬರುವುದಿಲ್ಲ, ನಾದಿನಿಯನ್ನು ಕಳಿಸುತ್ತಾರೆ. ಹುಣಸೂರಿನವರು ಫೋನಿನಲ್ಲಿ ಫೋಟೋ ತೋರಿಸಿ ಬೇರೆಲ್ಲೋ ನೋಡುತ್ತಾರೆ. ಪಿರಿಯಾಪಟ್ಟಣದವರು ಮಾತ್ರ ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ನೇರವಾಗಿ ಕೇಳಿಬಿಡುತ್ತಿದ್ದರು, “ಬ್ಯಾರನ್ ಮುಗಿಯೋಗಂಟ ಏನೂ ಆಗ್ಬಾರ್ದು, ಅಂತಾದ್ದೊಂದು ಕೊಡಿ” ಅಂತ. ಸೊಪ್ಪು ಹದ ಮಾಡುವ ಆ ಬ್ಯಾರನ್ ಗೂಡಿನ ಬಿಸಿಯ ಮುಂದೆ ಬಸುರಿ ಹೆಂಗಸು ನಿಲ್ಲುವುದೆಂದರೆ ಎಂಥ ಪಾಡು ಅಂತ ಅವರಿಗೆ ಗೊತ್ತಿತ್ತು.

ಈ ಕೆಲಸ ಅಂದರೆ ನನಗೆ ಇಷ್ಟ. ಇಷ್ಟ ಅನ್ನುವುದು ಸಾಲದು, ಹುಚ್ಚು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ನಾನು ಹತ್ತು ಉತ್ತರ ಕೊಡುತ್ತೇನೆ. ಕಾಪರ್-ಟಿ ವಂಕಿ ಹಾಕಿಸಿಕೊಂಡರೆ ಎಷ್ಟು ಆರಾಮ, ಮೂರು ತಿಂಗಳಿಗೊಂದು ಇಂಜೆಕ್ಷನ್ ಎಲ್ಲಿ ಕೊಡುತ್ತಾರೆ, ಆಪರೇಷನ್ ಗಂಡಸರಿಗೆ ಎಷ್ಟು ಸುಲಭ ಅಂತ ಬಿಡದೆ ಹೇಳುತ್ತೇನೆ. ಗಂಡಸರ ಆಪರೇಷನ್ ವಿಷಯ ಎತ್ತಿದ ಕೂಡಲೇ ಅಂಗಡಿಯಲ್ಲಿರುವ ಗಂಡಸರಿಗೆ ಬಸ್ಸು ಬಂದುಬಿಡುತ್ತದೆ. “ನೀನು ಮಾತ್ರೆ ಮಾರ್ತೀಯೋ ಭಾಷಣ ಮಾರ್ತೀಯೋ?” ಅಂತ ನನ್ನ ಯಜಮಾನರು ರೇಗಿಸುತ್ತಾರೆ. ಎರಡನ್ನೂ ಅಂತ ಹೇಳುತ್ತೇನೆ.

ಒಂದು ದಿನ ಪರದೆಯ ಆಚೆ ಬಂದು ಕೂತವಳನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮೈಮೇಲೆ ಹೂವಿನ ಸೀರೆ, ಕಾಲಿನಲ್ಲಿ ಓಟಗಾರರ ಕ್ಯಾನ್ವಾಸ್ ಶೂ. ಅವಳೂ ನಕ್ಕಳು. ಹಂಪಾಪುರದ ಹತ್ತಿರದ ಹಳ್ಳಿ ಅಂದಳು. ಹಂಪಾಪುರದಲ್ಲೇ ಮೆಡಿಕಲ್ ಇದೆಯಲ್ಲ ಅಂತ ಕೇಳಿದೆ.

“ಅಲ್ಲಿ ಕೇಳುದ್ರೆ ನಾನು ಮನೆ ಸೇರೋಕ್ ಮುಂಚೆ ಸುದ್ದಿ ನಮ್ ಮಾವನ್ ಕಿವಿಗ್ ಸೇರ್ತದೆ ಕಣಕ್ಕ.”

ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು. ಬರೆಯುವ ಪರೀಕ್ಷೆ ಪಾಸಾಗಿದೆ. ಇನ್ನು ಓಟ, ಉದ್ದ ಜಿಗಿತ, ಗುಂಡು ಎಸೆತ ಬಾಕಿ. ಯಾವತ್ತು ಕರೆಯುತ್ತಾರೋ ಗೊತ್ತಿಲ್ಲ, ಕರೆದ ದಿನ ಮೈ ಹಗುರಾಗಿರಬೇಕು. ಅಂಗನವಾಡಿಗೆ ಹೋಗುವ ಒಬ್ಬಳು ಮಗಳಿದ್ದಾಳೆ. ಗಂಡ ಗೂಡ್ಸ್ ಗಾಡಿಯಲ್ಲಿ ಶುಂಠಿ, ಬಾಳೆಕಾಯಿ ತುಂಬಿಕೊಂಡು ಕೇರಳಕ್ಕೆ ಹೋಗಿಬರುವವನು, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನಿಗೂ ಇವಳು ಪೊಲೀಸಾಗಲಿ ಅಂತ ಆಸೆ. ಆದರೆ ಅಂಗಡಿಗೆ ಹೋಗಿ ಪ್ಯಾಕೆಟ್ ಕೇಳು ಅಂದರೆ ಮುಖ ಕೆಂಪಗಾಗುತ್ತದಂತೆ.

“ಈ ಸಲ ಬುಟ್ರೆ ವಯಸ್ಸು ಮೀರೋಯ್ತದೆ. ಮತ್ತೆ ನಂಗೆ ಚಾನ್ಸೇ ಇಲ್ಲ” ಅಂದಳು. ಕಣ್ಣಿನಲ್ಲಿ ನೀರು ಬರಲಿಲ್ಲ, ಬೆಂಕಿ ಇತ್ತು.

“ಅತ್ತೆ ಏನಂತಾರೆ?”

“ಬೆಳಗಾನೆ ಕೆರೆ ಏರಿ ಮೇಲೆ ನಾನು ಓಡ್ತೀನಿ, ಅವ್ರು ಮಗೀನ ಎತ್ಕೊಂಡು ಕೂತಿರ್ತಾರೆ. ಕೆಲ್ಸ ಆಗ್ಬೇಕು ಅಂತ ಅವ್ರಿಗೂ ಅದೆ. ಆದ್ರೆ ಮನೇಗ್ ಬಂದೋರ್ ಮುಂದೆಲ್ಲ, ಒಂದ್ ಗಂಡ್‌ಮಗ ಆಗ್ಬುಡ್ಲಿ ಅಂತ್ಲೂ ಹೇಳ್ತಾರೆ. ಎರಡೂ ಒಟ್ಟಿಗೆ ಹೆಂಗಾಯ್ತದೆ ಅಂತ ನಾನು ಕೇಳಿಲ್ಲ.”

ಗುಂಡು ಎಸೆತದ ಅಭ್ಯಾಸ ಹೇಗೆ ಅಂತ ಕೇಳಿದೆ. ಅತ್ತೆಯ ರುಬ್ಬುವ ಗುಂಡಂತೆ! ಸಂಜೆ ಅದನ್ನು ಹೊತ್ತುಕೊಂಡು ಹೋಗಿ ಹೊಲದಲ್ಲಿ ಎಸೆಯುವುದು, ರಾಗಿಯ ಪೈರಿನ ನಡುವೆ ಬಿದ್ದದ್ದನ್ನು ಅತ್ತೆ ಬೈಯುತ್ತ ಹುಡುಕಿ ತರುವುದು. ನನಗೆ ರೋಮಾಂಚನವಾಯಿತು. ಸ್ಕೂಲಿನಲ್ಲಿ ಖೋಖೋ ಆಡುವಾಗಲೂ ಕೂತ ಕಡೆಯಿಂದ ಏಳದ ಸೋಮಾರಿ ನಾನು. ಅಂಥವಳಿಗೆ ಆ ಗಳಿಗೆಯಲ್ಲಿ ನಾನೇ ಓಡುತ್ತಿದ್ದೇನೆ ಅನ್ನಿಸಿತು. ಇವಳು ಓಡಲೇಬೇಕು ಅಂತ ಅಲ್ಲೇ ತೀರ್ಮಾನಿಸಿಬಿಟ್ಟೆ.

ಮೊದಲು ಕೋಟೆಯ ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಕಳಿಸಿದೆ. ಅವರು ಬಿ.ಪಿ. ನೋಡಿ, ತಲೆನೋವು, ಕಾಲುಬಾವು ಎಲ್ಲ ವಿಚಾರಿಸಿ, ದಿನಾ ನುಂಗುವ ಮಾತ್ರೆ ಬರೆದುಕೊಟ್ಟರು. ಚೀಟಿ ಹಿಡಿದು ವಾಪಸ್ ಬಂದವಳಿಗೆ ನಾನು ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ತೋರಿಸಿದೆ. ಬಾಣದ ಗುರುತು ಹಿಡಿದುಕೊಂಡು ಹೋಗಬೇಕು, ದಿನಕ್ಕೊಂದು, ಒಂದೇ ಹೊತ್ತಿಗೆ, ಒಂದು ದಿನವೂ ತಪ್ಪಬಾರದು. ಮರೆತರೆ ನೆನಪಾದ ತಕ್ಷಣ ನುಂಗಬೇಕು. ಅವಳು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎಲ್ಲವನ್ನೂ ತಿರುಗಿ ಹೇಳಿದಳು. ಮನೆಯಲ್ಲಿ ಕೇಳಿದರೆ ರಕ್ತದ ಮಾತ್ರೆ ಅಂತೀನಿ ಅಂದಳು. ಅಲ್ಲಿಂದ ಮುಂದೆ ನಾನು ಅವಳನ್ನು ಓಟಗಾತಿ ಅಂತಲೇ ಕರೆಯತೊಡಗಿದೆ.

ಎರಡು ಸಲ ಬಂದು ಸ್ಟ್ರಿಪ್ ತೆಗೆದುಕೊಂಡು ಹೋದಳು. ಆಮೇಲೆ ಶ್ರಾವಣ ಬಂತು.

ಶ್ರಾವಣ ಶನಿವಾರ ಅಂದರೆ ನಮ್ಮ ಸರ್ಕಲ್ಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೇವಸ್ಥಾನಗಳಿಗೆ ಹೋಗಿಬರುವವರು, ಹೂವು, ಬಾಳೆಹಣ್ಣು, ತೆಂಗಿನಕಾಯಿ, ಬಸ್ಸಿನ ಹಾರನ್ನು. ಅಂಥ ಗದ್ದಲದ ಮಧ್ಯಾಹ್ನ ಓಟಗಾತಿ ಒಳಗೆ ಬಂದಳು. ಹಣೆಯ ಮೇಲೆ ಆಂಜನೇಯನ ಗುಡಿಯ ಸಿಂಧೂರ, ಮುಡಿಯಲ್ಲಿ ತುಳಸಿ. ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು.

“ಅಕ್ಕಾ, ಡೇಟ್ ಬಂತು! ಮುಂದಿನ್ ತಿಂಗ್ಳು ಓಟ!”

ನಾನು ಕೌಂಟರಿನ ಮೇಲಿಂದಲೇ ಅವಳ ಎರಡೂ ಕೈ ಹಿಡಿದು ಕುಲುಕಿದೆ. ಅತ್ತೆಯೂ ಮಗುವೂ ಎದುರುಗಡೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾರೆ ಅಂದಳು. ತಲೆನೋವಿನ ಮುಲಾಮು ತರುತ್ತೇನೆ ಅಂತ ಹೇಳಿ ಬಂದಿದ್ದಳಂತೆ. ಆಮೇಲೆ ಪರದೆಯ ಆಚೆ ಹೋಗಿ, ಸೆರಗಿನ ಗಂಟು ಬಿಚ್ಚಿ, ಒಂದು ಮಡಚಿದ ಪೇಪರನ್ನು ನನ್ನ ಕೈಗಿಟ್ಟಳು.

“ಇವು ಮಿಕ್ಕವೆ ಕಣಕ್ಕ. ಇಲ್ದೋರ್ಗೆ ಯಾರ್ಗಾರ ಕೊಡಿ. ಅನ್ಯಾಯವಾಗಿ ಯಾಕ್ ಬಿಸಾಕಾದು?”

ಬಿಚ್ಚಿ ನೋಡಿದೆ. ಕತ್ತರಿಯಲ್ಲಿ ಚೊಕ್ಕವಾಗಿ ಕತ್ತರಿಸಿದ ಸ್ಟ್ರಿಪ್ಪಿನ ಚೂರುಗಳು, ಒಂದೊಂದರಲ್ಲೂ ಒಂದೊಂದು ಬಿಳಿ ಮಾತ್ರೆ.

“ಮಿಕ್ಕವೆ ಅಂದ್ರೆ? ಇವು ಮಿಗೋ ಹಂಗೇ ಇಲ್ವಲ್ಲವ್ವ! ದಿನಾ ನುಂಗು ಅಂದಿರ್ಲಿಲ್ವಾ?”

“ದಿನಾ ನುಂಗ್ತಾ ಇವ್ನಿ ಕಣಕ್ಕ, ರಾತ್ರಿ ಊಟ ಆದ್ಮೇಲೆ. ಇವು ಒಪ್ಪತ್ತಿನ್ ದಿನದವು. ಸೋಮವಾರ, ಶುಕ್ರವಾರ, ಶನಿವಾರ. ಶ್ರಾವಣ ಅಲ್ವಾ?”

ಒಪ್ಪತ್ತಿನ ದಿನ ಅವರ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಸಂಜೆ ಪೂಜೆಯಾಗುವ ತನಕ ತೀರ್ಥ ಬಿಟ್ಟು ಬಾಯಿಗೆ ಏನೂ ಹಾಕುವುದಿಲ್ಲ, ಆಮೇಲೆ ಒಂದಿಷ್ಟು ಉಪ್ಪಿಟ್ಟೋ ಅವಲಕ್ಕಿಯೋ ತಿಂದರೆ ಮುಗಿಯಿತು. ಅದಕ್ಕೆ ಫಲಾರ ಅನ್ನುತ್ತಾರೆಯೇ ಹೊರತು ಊಟ ಅನ್ನುವುದಿಲ್ಲ. ಮಾತ್ರೆ ಅಂದರೆ ಊಟವಾದ ಮೇಲೆ ನುಂಗುವಂಥದ್ದು ಅಂತ ಹುಟ್ಟಿದಾಗಿನಿಂದ ಕೇಳಿದ್ದಾಳೆ. ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ.

“ಊಟಾನೇ ಇಲ್ದಿದ್ ದಿನ ಮಾತ್ರೆ ಹೆಂಗಕ್ಕ ನುಂಗಾದು?” ಅಂತ ನನ್ನನ್ನೇ ಕೇಳಿದಳು. ಅವಳ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸಿತು.

ಗಂಡ ಯಾವಾಗ ಬಂದಿದ್ದ ಅಂತ ಕೇಳಿದೆ. ಅವಳು ನೆಲ ನೋಡಿಕೊಂಡು, “ಗುರುವಾರ ರಾತ್ರಿ” ಅಂದಳು. ಹಿಂದಿನ ವಾರದಿಂದ ಎಷ್ಟೋ ಮಾತ್ರೆ ತಪ್ಪಿವೆ. ಅದರ ನಡುವೆ ಗುರುವಾರ. ಮುಂದಿನ ತಿಂಗಳು ಓಟ. ನನ್ನ ಕೈ ಆಗಲೇ ಡ್ರಾಯರಿನಲ್ಲಿತ್ತು. ಇಂಥ ಹೊತ್ತಿಗೆಂದೇ ಇರುವ ಒಂಟಿ ಮಾತ್ರೆಯ ಪ್ಯಾಕೆಟ್ ತೆಗೆದು ಅವಳ ಮುಂದೆ ಇಟ್ಟೆ.

“ಕೇಳಿಲ್ಲಿ. ಹೀಗೆ ಎಡವಟ್ಟಾದಾಗ ಮೂರು ದಿನದೊಳಗೆ ಇದನ್ನು ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೇದು. ತಡ ಆದಷ್ಟೂ ಕೆಲಸ ಕಡಿಮೆ. ಈಗಲೇ ನುಂಗು. ನೀರು ಕೊಡ್ತೀನಿ.”

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ಈಗ್ಲಾ? ಶ್ರಾವಣ ಶನಿವಾರ ಕಣಕ್ಕ! ನಾಳೆ ಮಧ್ಯಾನ ಊಟ ಆದ್ಮೇಲೆ ನುಂಗ್ತೀನಿ.”

“ನಾಳೆ ಮಧ್ಯಾಹ್ನದ ಹೊತ್ತಿಗೆ ಮೂರು ದಿನ ಮುಗೀತಾ ಬಂದಿರುತ್ತೆ!”

“ಈ ಒಪ್ಪತ್ತು ಹೊತ್ತಿರಾದೇ ಪೊಲೀಸ್ ಕೆಲ್ಸುಕ್ಕೆ ಅಂತ. ಅತ್ತೆ ಹರಕೆ ಹೊತ್ಕೊಂಡವ್ರೆ, ನಾನೂ ಹೊತ್ಕೊಂಡಿವ್ನಿ. ಅದ್ನೇ ಮುರುದ್ಬುಟ್ಟು ಓಡಾಕ್ ಹೋದ್ರೆ ಕಾಲು ಎಡವಲ್ವಾ?”

ನನಗೆ ತಡೆಯಲಾಗಲಿಲ್ಲ. ಹರಕೆಯೂ ಕೆಲಸಕ್ಕೆ, ಮಾತ್ರೆಯೂ ಕೆಲಸಕ್ಕೆ, ಒಂದು ಇನ್ನೊಂದಕ್ಕೆ ಅಡ್ಡ ನಿಂತಿದೆಯಲ್ಲ ಅಂತ ಗಟ್ಟಿಯಾಗಿಯೇ ಕೂಗಾಡಿದೆ. ಅವಳು ತುಟಿ ಕಚ್ಚಿಕೊಂಡು ನಿಂತಳೇ ಹೊರತು ಕೈ ಚಾಚಲಿಲ್ಲ. ನನ್ನ ಗಲಾಟೆ ಕೇಳಿ ಪಕ್ಕದ ಅಂಗಡಿಯಿಂದ ಟೈಲರಮ್ಮ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ಸರ್ಕಲ್ಲಿನ ಅರ್ಧ ಹೆಂಗಸರ ಬ್ಲೌಸು ಹೊಲಿಯುವುದು ಅವರೇ. ನಮ್ಮ ಸ್ನೇಹ ಹಳೆಯದು. ಪರದೆ ಸರಿಸಿ, ಅಲ್ಲಿದ್ದ ಮಾತ್ರೆಯನ್ನೂ ಹುಡುಗಿಯ ಮುಖವನ್ನೂ ನೋಡಿ, ಕೇಳದೆಯೇ ಅರ್ಥ ಮಾಡಿಕೊಂಡರು.

“ನೋಡಮ್ಮ, ನಮ್ಮಲ್ಲೂ ರೋಜಾ ಇಡ್ತೀವಿ” ಅಂದರು. “ಹುಷಾರಿಲ್ದಿದ್ರೆ ಬಿಟ್ಟು, ಇನ್ನೊಂದ್ ದಿನ ಹಿಡ್ದು ತೀರಿಸ್ತೀವಿ. ದಿನದ್ ಮಾತ್ರೆ ನಾನೂ ತಗೊಳ್ತಿದ್ದೆ. ಊಟಕ್ಕೂ ಅದಕ್ಕೂ ಗಂಟೇ ಹಾಕ್ಲಿಲ್ಲ. ಸಂಜೆ ನಮಾಜ್ ಆಗ್ತಿದ್ದಂಗೆ ಒಂದು. ರಂಜಾನ್ ಇರ್ಲಿ, ಇಲ್ದಿರ್ಲಿ, ಸಂಜೆ ಅಂತೂ ಆಗೇ ಆಗ್ತದಲ್ಲ?”

ನನ್ನ ತಲೆಯಲ್ಲಿ ಫಕ್ಕನೆ ದೀಪ ಹೊತ್ತಿಕೊಂಡಿತು. ಸಂಜೆಯ ದೀಪವೇ! ಒಪ್ಪತ್ತಿರಲಿ, ಹಬ್ಬವಿರಲಿ, ದೀಪ ಹಚ್ಚದ ದಿನವೇ ಇಲ್ಲವಲ್ಲ. ಆದರೆ ಅದೆಲ್ಲ ಮುಂದಿನ ದಿನಗಳ ಮಾತು. ಈ ಒಂಟಿ ಮಾತ್ರೆಗೆ ಸಂಜೆಯ ತನಕ ಪುರುಸೊತ್ತಿರಲಿಲ್ಲ. ಓಟಗಾತಿಯೂ ಟೈಲರಮ್ಮನ ಮಾತಿಗೆ ತಲೆಯಾಡಿಸಿದಳು, ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. “ಅತ್ತೆ ಜೊತೇಲಿ ಹೊತ್ತಿರೋ ಹರಕೆ, ಅವ್ರಿಗ್ ಗೊತ್ತಿಲ್ದಂಗೆ ಮುರ್ಯಾಕ್ ಆಗಲ್ಲ” ಅಂದಳು.

ಹೊರಗೆ ಹಂಪಾಪುರದ ಕಡೆಯ ಬಸ್ಸು ಹಾರನ್ ಹೊಡೆಯಿತು. ಪರದೆಯ ಸಂದಿಯಿಂದ ನೋಡಿದರೆ ಅತ್ತೆ ರಸ್ತೆ ದಾಟಿ ಬರುತ್ತಿದ್ದಾರೆ! ಸೊಂಟದ ಮೇಲೆ ಮಗು, ಕೈಯಲ್ಲಿ ಪೂಜೆಯ ಬುಟ್ಟಿ. ಬಂದವರೇ ನೇರ ಒಳಗೆ ನುಗ್ಗಿದರು.

“ಏನಮ್ಮಿ, ಮುಲಾಮ್ ತರಾಕೆ ಇಷ್ಟೊತ್ತಾ? ಬಸ್ಸು ಹೊಂಟೋಯ್ತದೆ!”

ಓಟಗಾತಿ ಮಾತ್ರೆಯ ಪ್ಯಾಕೆಟ್ಟನ್ನು ಚಕ್ಕನೆ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅತ್ತೆ ಸೊಸೆಯ ಮುಷ್ಟಿಯನ್ನು ನೋಡಿದರು, ನನ್ನ ಮುಖ ನೋಡಿದರು. ಹೇಳಿಬಿಡಲೇ ಅಂತ ನನ್ನ ನಾಲಿಗೆ ತುರಿಸುತ್ತಿತ್ತು. ಜೀವಮಾನದಲ್ಲಿ ನಾನು ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದಿಲ್ಲ. ಪರದೆಯ ಆಚೆಯ ಗುಟ್ಟನ್ನು ಅದರ ಒಡತಿಯೇ ಬಿಚ್ಚಬೇಕು, ನಾನಲ್ಲ. ಟೈಲರಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು.

ಓಟಗಾತಿ ಒಮ್ಮೆ ಉಸಿರೆಳೆದುಕೊಂಡು ಮುಷ್ಟಿ ಬಿಚ್ಚಿದಳು.

“ಅತ್ತೆ, ನಾನ್ ದಿನಾ ನುಂಗ್ತಿರಾದು ರಕ್ತದ್ ಮಾತ್ರೆ ಅಲ್ಲ. ಮಕ್ಳಾಗ್ದಂಗೆ ತಗೊಳ್ಳಾದು. ಓಡಾಗಂಟ ಬ್ಯಾಡ ಅಂತ. ಒಪ್ಪತ್ತಿನ್ ದಿನ ನುಂಗ್ಲಿಲ್ಲ, ಅದು ತಪ್ಪಂತೆ. ಈಗ ಇದ್ನ ನುಂಗ್ಬೇಕಂತೆ. ಈಗ್ಲೇ ನುಂಗ್ಬೇಕಂತೆ.”

ಅತ್ತೆ ಮಗುವನ್ನು ಬೆಂಚಿನ ಮೇಲೆ ಇಳಿಸಿದರು. ಇನ್ನು ಬೈಗುಳ ಶುರುವಾಯಿತು ಅಂತ ನಾನು ಮೈ ಬಿಗಿ ಮಾಡಿಕೊಂಡೆ.

“ಗೊತ್ತು ಕಣಮ್ಮಿ” ಅಂದರು ಅತ್ತೆ. “ಬಸ್ರಿ ಆಗಿದ್ದಾಗೆಲ್ಲ ರಕ್ತದ್ ಮಾತ್ರೆ ನುಂಗ್ದೋಳು ನಾನು. ಅದು ಕೆಂಪುಗಿರ್ತದೆ. ನೀ ನುಂಗ್ತಿದ್ದಿದ್ದು ಬೆಳ್ಳುಗದೆ. ನಂಗ್ ಕಣ್ಣಿಲ್ವಾ?”

ಓಟಗಾತಿಯ ಬಾಯಿ ತೆರೆದದ್ದು ತೆರೆದೇ ಇತ್ತು. “ಮತ್ತೆ ಗಂಡ್‌ಮಗ, ಗಂಡ್‌ಮಗ ಅಂತಿದ್ರಲ್ಲತ್ತೆ?”

“ಕೇಳೋರ್ಗೆ ಏನಾರ ಒಂದ್ ಹೇಳ್ಬೇಕಲ್ಲ, ಅದ್ಕೆ ಅಂತಿದ್ದೆ. ಗಂಡ್‌ಮಗನೇ ಬೇಕಿದ್ರೆ ಬೆಳಗಾನೆ ಬಂದು ಏರಿ ಮೇಲೆ ಕಾಯ್ಕೊಂಡು ಕೂತ್ಕೊತಿದ್ನಾ? ರುಬ್ಬೋ ಗುಂಡ್ ಕೊಡ್ತಿದ್ನಾ?” ಅಂದವರು ನನ್ನ ಕಡೆ ತಿರುಗಿದರು. ದನಿ ತಗ್ಗಿತು. “ನಮ್ ಕಾಲ್ದಲ್ಲಿ ನಂಗ್ಯಾರೂ ಹಿಂಗ್ ಕೂರಿಸ್ಕೊಂಡು ಹೇಳ್ಲಿಲ್ಲ ಕಣವ್ವ. ಸಾಕಪ್ಪ ಅಂದ್ರೂ ಹೊಟ್ಟೆ ತುಂಬ್ತಿತ್ತು. ಒಂದ್ ಕೂಸ್ನ ಎದೆ ಬುಡ್ಸಾಕೆ ಮುಂಚೆ ಇನ್ನೊಂದು. ಎರಡು ಮಣ್ಣಾದೊ. ಯಾರ್ನ ಕೇಳಾದು? ಏನಂತ ಕೇಳಾದು?”

ನಾನು ಅವರಿಗೂ ಕೂರಲು ಬೆಂಚು ತೋರಿಸಿದೆ. ಅತ್ತೆ ಅಷ್ಟರಲ್ಲಾಗಲೇ ಪೂಜೆಯ ಬುಟ್ಟಿಗೆ ಕೈ ಹಾಕಿ, ಒಂದು ಪುಟ್ಟ ಬಾಟಲಿ ತೆಗೆದಿದ್ದರು. ಮನೆಯಲ್ಲಿರುವವರಿಗೆಂದು ಗುಡಿಯಿಂದ ತೀರ್ಥ ತುಂಬಿಸಿಕೊಂಡು ಬಂದಿದ್ದರಂತೆ.

“ತೀರ್ಥುಕ್ಕೆ ಒಪ್ಪತ್ತಿಲ್ಲ. ತಗೋ, ಇದ್ರಲ್ಲೇ ನುಂಗು.”

“ಹರಕೆ, ಅತ್ತೆ?”

“ಹರಕೆ ಹೊತ್ತೋಳು ನಾನು, ಹೇಳ್ತಾ ಇರೋಳೂ ನಾನು. ಆ ನಮ್ಮಪ್ಪ ಆಂಜನೇಯಂಗೆ ನೀ ಓಡಾದ್ ಬೇಕು. ಹೆಂಡ್ರು ಮಕ್ಳಿಲ್ದ ದೇವ್ರು, ನಮ್ ಪಾಡು ಅವ್ನಿಗ್ ಗೊತ್ತಾಗ್ಲಿಲ್ಲ ಅಂದ್ರೆ ಮುಂದಿನ್ ಶನಿವಾರ ನಾನೇ ಹೋಗಿ ಹೇಳ್ತೀನಿ ಬುಡು. ನುಂಗು, ಬಸ್ಸು ಹೊಂಟೋಯ್ತದೆ!”

ಟೈಲರಮ್ಮ ಮೊದಲು ನಕ್ಕರು. ಆಮೇಲೆ ನಾನು. ಓಟಗಾತಿ ನಗುತ್ತ, ಅಳುತ್ತ, ಅಂಗೈಗೆ ತೀರ್ಥ ಹಾಕಿಸಿಕೊಂಡು ಮಾತ್ರೆಯನ್ನು ನುಂಗಿ, ಕೈಯನ್ನು ತಲೆಗೆ ಒರೆಸಿಕೊಂಡಳು. ಮಗು ತನಗೂ ತೀರ್ಥ ಬೇಕು ಅಂತ ಕೈ ಚಾಚಿತು, ಅದಕ್ಕೂ ಒಂದು ಹನಿ ಸಿಕ್ಕಿತು.

ನಾನು ಗಡಿಬಿಡಿಯಲ್ಲಿ ಉಳಿದದ್ದನ್ನೆಲ್ಲ ಹೇಳಿದೆ. ವಾಂತಿಯಾದರೆ ತಕ್ಷಣ ಫೋನ್ ಮಾಡು. ಇವತ್ತಿನಿಂದಲೇ ದಿನದ ಮಾತ್ರೆ ಮುಂದುವರಿಸು, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಒಂದು. ಒಂದು ವಾರ ಗಂಡನಿಗೆ ಕಾಂಡೋಮ್. ಮೂರು ವಾರದೊಳಗೆ ಮುಟ್ಟಾಗದಿದ್ದರೆ ಬಂದು ಟೆಸ್ಟ್ ಮಾಡಿಕೊ. ಕಾಂಡೋಮ್ ಪ್ಯಾಕೆಟ್ಟನ್ನು ಕವರಿಗೆ ಹಾಕಲು ಪುರುಸೊತ್ತಾಗಲಿಲ್ಲ. ಅತ್ತೆಯೇ ಅದನ್ನು ಪೂಜೆಯ ಬುಟ್ಟಿಯೊಳಗೆ, ಬಾಳೆಹಣ್ಣಿನ ಕೆಳಗೆ ತುರುಕಿದರು. ಹೊರಟುಹೋಗುತ್ತಿದ್ದ ಬಸ್ಸಿನ ಹಿಂದೆ ಸೊಸೆ ಓಡಿದಳು. ಏನು ಓಟ ಅದು! ಸೀರೆ ಎತ್ತಿ ಹಿಡಿದು, ಕ್ಯಾನ್ವಾಸ್ ಶೂ ಹಾಕಿದ ಕಾಲಿನಲ್ಲಿ ಹಾರಿ ಹೋಗಿ ಬಸ್ಸಿನ ಬಾಗಿಲು ಬಡಿದು ನಿಲ್ಲಿಸಿದಳು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ನಿಧಾನವಾಗಿ, ಗತ್ತಿನಿಂದ ನಡೆದು ಹೋಗಿ ಹತ್ತಿದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಮಾತ್ರೆ ನುಂಗಿದರೂ ನೂರಕ್ಕೆ ನೂರು ಭರವಸೆ ಯಾರೂ ಕೊಡಲಾರರು, ಇದನ್ನು ಎಲ್ಲರಿಗೂ ಹೇಳುವವಳೇ ನಾನು. ಹಂಪಾಪುರದ ಕಡೆಯಿಂದ ಬಸ್ಸು ಬಂದಾಗೆಲ್ಲ ಇಳಿಯುವವರ ಕಾಲು ನೋಡುತ್ತಿದ್ದೆ, ಎಲ್ಲಾದರೂ ಕ್ಯಾನ್ವಾಸ್ ಶೂ ಕಾಣುತ್ತದೋ ಅಂತ. ಟೈಲರಮ್ಮ ದಿನಾ ಬಂದು ಹುಬ್ಬು ಹಾರಿಸುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಮನೆಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಯಜಮಾನರು, “ಓಟ ನಿಂದೋ ಅವಳದೋ?” ಅಂದರು.

ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದ ಹಾಗೇ ಫೋನ್ ಬಂತು. ಆ ಕಡೆಯಿಂದ ಏದುಸಿರು. ಕೆರೆ ಏರಿಯ ಮೇಲಿಂದಲೇ ಮಾಡಿದ್ದಳು.

“ಅಕ್ಕಾ, ಮುಟ್ಟಾದೆ!”

ಮುಟ್ಟಾದದ್ದಕ್ಕೆ ಒಬ್ಬ ಹೆಂಗಸು ಅಷ್ಟು ಖುಷಿಪಟ್ಟದ್ದನ್ನು ಕೇಳಿರಲಿಲ್ಲ, ಅದನ್ನು ಕೇಳಿ ಇನ್ನೊಬ್ಬ ಹೆಂಗಸು ರಸ್ತೆಯಲ್ಲಿ ಕುಣಿದದ್ದನ್ನೂ ನೋಡಿರಲಿಲ್ಲ. ನಾನು ಕುಣಿದೆ. ಎದುರುಗಡೆ ಟೀ ಅಂಗಡಿಯವರು ಲಾಟರಿ ಹೊಡೆಯಿತಾ ಮೇಡಂ ಅಂತ ಕೇಳಿದರು. ಅದಕ್ಕಿಂತ ದೊಡ್ಡದು ಅಂದೆ. ಟೈಲರಮ್ಮನಿಗೆ ಕೂಗಿ ಹೇಳಿದೆ. ಅವರು ಎರಡೂ ಕೈ ಮೇಲೆತ್ತಿದರು.

ಓಟದ ದಿನ ನಾನು ಅಂಗಡಿ ಬಿಟ್ಟು ಮೈಸೂರಿಗೆ ಹೋಗುವ ಹಾಗಿರಲಿಲ್ಲ. ಫೋನನ್ನು ಕೌಂಟರಿನ ಮೇಲೇ ಇಟ್ಟುಕೊಂಡಿದ್ದೆ. ಅದು ಬಡಿದುಕೊಂಡಾಗ ಒಬ್ಬರಿಗೆ ಕೆಮ್ಮಿನ ಸಿರಪ್ ಅಳೆಯುವುದನ್ನು ತೋರಿಸುತ್ತಿದ್ದೆ. ಎತ್ತಿಕೊಂಡರೆ ಅತ್ತೆ. ಗ್ರೌಂಡಿನ ಹೊರಗೆ ಬೇಲಿ ಹಿಡಿದುಕೊಂಡು ನಿಂತಿದ್ದರಂತೆ, ಸುತ್ತ ಜನರ ಗಲಾಟೆ.

“ಓಡುದ್ಲು ಕಣವ್ವ! ನನ್ ಸೊಸೆ ಓಡ್ಬುಟ್ಲು! ನೆಗೆದ್ಲು! ಗುಂಡೂ ಎಸುದ್ಲು! ಸರ್ಕಾರದ್ ಗುಂಡು ನಮ್ ರುಬ್ಬೋ ಗುಂಡ್‌ಗಿಂತ ಹಗುರ ಅಂತೆ!”

ಸಿರಪ್ ಮುಚ್ಚಳದಿಂದ ಉಕ್ಕಿ ಕೌಂಟರಿನ ಮೇಲೆಲ್ಲ ಹರಿಯಿತು. ನಾನು ಅಳುತ್ತಿದ್ದೆ, ಎದುರಿಗಿದ್ದ ಗಿರಾಕಿ ಯಾರಾದರೂ ತೀರಿಕೊಂಡರೇನೋ ಅಂತ ಗಾಬರಿಯಾಗಿದ್ದರು.

ಆಗಿನಿಂದ ನನ್ನ ಅಂಗಡಿಯಲ್ಲಿ ದಿನದ ಮಾತ್ರೆಗೆ ಊಟದ ಮಾತೇ ಇಲ್ಲ. ಹೊಸದಾಗಿ ಬಂದವರಿಗೆ ಮೊದಲು, “ಯಾವ್ಯಾವ ದಿನ ಒಪ್ಪತ್ತು ಮಾಡ್ತೀಯವ್ವ?” ಅಂತ ಕೇಳುತ್ತೇನೆ. ಅವರಿಗೆ ಆಶ್ಚರ್ಯ, ಮೆಡಿಕಲ್‌ನವರಿಗೆ ನಮ್ಮ ವ್ರತ ಯಾಕೆ ಅಂತ. ಆಮೇಲೆ, ದೀಪ ಹಚ್ಚಿದ ಮೇಲೆ ಒಂದು ಅನ್ನುತ್ತೇನೆ. ಟೈಲರಮ್ಮನ ಕಡೆಯವರು ಬಂದರೆ ಸಂಜೆ ನಮಾಜಿನ ಮೇಲೆ. ಇದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ತಿಂಗಳುಗಳು ಕಳೆದವು. ಪಟ್ಟಿಯಲ್ಲಿ ಅವಳ ಹೆಸರು ಬಂತು, ಟ್ರೈನಿಂಗಿಗೆ ಹೋದಳು. ಅತ್ತೆ ಒಂದು ಸಂಜೆ ಒಬ್ಬರೇ ಬಸ್ಸಿಳಿದು ಬಂದರು. ಅಂಗಡಿಯ ತುಂಬ ಜನ. ಮೂಲೆಯಲ್ಲಿ ಒಬ್ಬಾತ ಆಗಲೇ ಶೀತದ ಮಾತ್ರೆ ತೆಗೆದುಕೊಂಡು ರಸ್ತೆ ನೋಡುತ್ತಿದ್ದ, ಕೈಯಲ್ಲಿ ಟೂತ್‌ಪೇಸ್ಟೂ ಇತ್ತು. ನಾನು ಅತ್ತೆಗೆ ಪರದೆಯ ಕಡೆ ಕೈ ತೋರಿಸಿ, ಒಳಗೆ ಬನ್ನಿ ಅಂದೆ.

“ಪರದೆ ಯಾಕವ್ವ?” ಅಂದರು ಅತ್ತೆ. “ನಾ ವಯಸ್ನಲ್ಲಿದ್ದಾಗ ಇದ್ನ ಕೇಳಾಕೆ ನಂಗೆ ಬಾಯೇ ಇರ್ಲಿಲ್ಲ. ಇವತ್ತು ಇಲ್ಲೇ ನಿಂತ್ಕೊಂಡು ಕೇಳ್ತೀನಿ, ಬುಡು.”

ಕೌಂಟರಿನ ಮೇಲೆ ಎರಡೂ ಕೈ ಊರಿ, ಬಸ್‌ಸ್ಟ್ಯಾಂಡಿಗೆ ಕೇಳುವ ದನಿಯಲ್ಲಿ ಹೇಳಿದರು: “ನನ್ ಸೊಸೆ ಪೊಲೀಸು. ನಾಳೆ ರಜೆಗ್ ಬತ್ತಾಳೆ. ಮಕ್ಳು ಅವ್ಳಿಗ್ ಬೇಕಾದಾಗ ಆಗ್ಲಿ. ಅಲ್ಲೀಗಂಟ ಆಗ್ದಂಗೆ ನುಂಗಾಕೆ ಮಾತ್ರೆ ಕೊಡು.”

ನಾನು ಕಣ್ಣೊರೆಸಿಕೊಂಡು ಸ್ಟ್ರಿಪ್‌ಗಳನ್ನು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಬೆಳ್ಳುಗದೆ, ಇದೇ ಅಂತ ಸಮಾಧಾನಪಟ್ಟು ಸೆರಗಿಗೆ ಕಟ್ಟಿಕೊಂಡು ಹೊರಟರು.

ಅವರು ಮೆಟ್ಟಿಲಿಳಿದ ಮೇಲೆ ಮೂಲೆಯಲ್ಲಿದ್ದಾತ ಟೂತ್‌ಪೇಸ್ಟನ್ನು ವಾಪಸ್ ಇಟ್ಟ. ಜನ ಇನ್ನೂ ಅಲ್ಲೇ ನಿಂತಿದ್ದರು. ಗಂಟಲು ಸರಿಮಾಡಿಕೊಂಡು, “ಮೇಡಂ, ಒಂದು ಕಾಂಡೋಮ್ ಪ್ಯಾಕೆಟ್” ಅಂದ. ನನ್ನ ಕೈ ಅಭ್ಯಾಸಬಲದಿಂದ ಹಳೇ ಪೇಪರಿಗೂ ಕಪ್ಪು ಕವರಿಗೂ ಹೋಯಿತು.

“ಕವರ್ ಬ್ಯಾಡಿ” ಅಂದ. “ಅಂಗೇ ಕೊಡಿ.”